ಆರು ಸೆನ್ಸರ್‌ಗೆ ಜೆನೆಟಿಕ್ ಆಲ್ಗಾರಿದಮ್ ಬೇಕಾ?

ನಮಸ್ಕಾರ. ಬಾಗಲಕೋಟೆಯ ಮನೆಯಲ್ಲಿ ಅಜ್ಜಿ ಒಬ್ಬರೇ ಇರುತ್ತಾರೆ, ಆರು ಪಿಐಆರ್ ಸೆನ್ಸರ್ (ಮೈಯ ಬಿಸಿಯಿಂದ ಓಡಾಟ ಹಿಡಿಯುವ ಸಾಧನ) ಹಾಕಿದ್ದೀನಿ, ಅಡುಗೆ, ನಿದ್ದೆ, ಸ್ನಾನ ಗುರುತಿಸಲು ಜೆನೆಟಿಕ್ ಆಲ್ಗಾರಿದಮ್ ಒಳ್ಳೆಯದಾ ನ್ಯೂರಲ್ ನೆಟ್‌ವರ್ಕಾ ಅಂತ ಕೇಳಿದ್ದೀರಿ.

ಎರಡರ ಕೆಲಸ ಬೇರೆ. ಗುರುತಿಸುವುದು ನ್ಯೂರಲ್ ನೆಟ್‌ವರ್ಕ್, ಅಂದರೆ ಉದಾಹರಣೆಗಳಿಂದ ಕಲಿಯುವ ಪ್ರೋಗ್ರಾಂ. ಜೀವಿಗಳ ವಿಕಾಸ ನೋಡಿ ಮಾಡಿದ ಜೆನೆಟಿಕ್ ಆಲ್ಗಾರಿದಮ್, ಇರುವೆ ಸಾಲು ನೋಡಿ ಮಾಡಿದ ವಿಧಾನ, ಇವೆಲ್ಲ ಹೆಚ್ಚಾಗಿ ಹುಡುಕಾಟಕ್ಕೆ: ಯಾವ ಸೆನ್ಸರ್ ಉಪಯೋಗ, ಎಷ್ಟು ನಿಮಿಷದ ತುಣುಕು ಸರಿ ಅಂತ. ಆರು ಸೆನ್ಸರ್‌ಗೆ ಇರುವುದೇ 63 ಜೋಡಣೆ. ಸುಮ್ನೆ ಎಲ್ಲವನ್ನೂ ಪರೀಕ್ಷಿಸಿ. ಗುರುತಿಸಲು ಎಲ್‌ಎಸ್‌ಟಿಎಂ ಅನ್ನುವ ನ್ಯೂರಲ್ ನೆಟ್‌ವರ್ಕ್ ಸಾಕು, ಯಾವುದರ ನಂತರ ಯಾವುದು ಅನ್ನುವುದನ್ನು ಅದು ನೆನಪಿಡುತ್ತದೆ.

ಆದರೆ ಅಜ್ಜಿ ಬಿದ್ದರೆ? ನನಗೆ ಮುಖ್ಯ ಅನಿಸಿದ್ದು ಇದೇ. ಬಿದ್ದದ್ದರ ಉದಾಹರಣೆ ನಿಮ್ಮ ಹತ್ತಿರ ಇಲ್ಲ, ಇರಲೂಬಾರದು. ಇಲ್ಲಿ ದೇಹದ ರೋಗನಿರೋಧಕ ಶಕ್ತಿಯಿಂದ ಕಲಿತ ವಿಧಾನ ನೋಡಿ. 1994ರಲ್ಲಿ ಕಂಪ್ಯೂಟರ್ ವಿಜ್ಞಾನಿ ಸ್ಟೆಫನಿ ಫಾರೆಸ್ಟ್ ಮತ್ತು ಸಂಗಡಿಗರು ಕಂಪ್ಯೂಟರ್ ವೈರಸ್ ಹಿಡಿಯಲು ತಂದದ್ದು, ನೆಗೆಟಿವ್ ಸೆಲೆಕ್ಷನ್. ಮಾಮೂಲಿ ದಿನಗಳನ್ನಷ್ಟೇ ಕಲಿಸುತ್ತೀರಿ. ಸುಮ್ನೆ ಹುಟ್ಟಿಸಿದ ನಮೂನೆಗಳಲ್ಲಿ ಆ ದಿನಗಳಿಗೆ ಹೊಂದದವನ್ನು ಮಾತ್ರ ಕಾವಲಿಗೆ ಉಳಿಸುತ್ತೀರಿ; ಮುಂದೆ ಅವುಗಳಿಗೆ ಏನಾದರೂ ಹೊಂದಿದರೆ ಅದು ಮಾಮೂಲಲ್ಲ. ಮಧ್ಯಾಹ್ನ ಬಚ್ಚಲಲ್ಲಿ ಗಂಟೆಗಟ್ಟಲೆ ಮೌನ ಅಂದರೆ ಎಚ್ಚರಿಕೆ ಬರುತ್ತದೆ. ಜಾತ್ರೆಗೆ ನೆಂಟರು ಬಂದ ದಿನಗಳನ್ನು ಬೇರೆ ಗುರುತು ಹಾಕಿ, ಪಿಐಆರ್‌ಗೆ ಯಾರು ಅಂತ ಗೊತ್ತಾಗಲ್ಲ.

ಇನ್ನೊಂದು, ನಮ್ಮ ಕಡೆ ಮೇ ತಿಂಗಳ ಬಿಸಿಲು. ಗೋಡೆ ಮೈಯಷ್ಟೇ ಬಿಸಿಯಾದರೆ ಪಿಐಆರ್ ಮನುಷ್ಯರನ್ನು ಸರಿಯಾಗಿ ಕಾಣುವುದಿಲ್ಲ. ಅಡುಗೆಮನೆ ಬಾಗಿಲಿಗೆ ಮ್ಯಾಗ್ನೆಟ್ ಸೆನ್ಸರ್ ಹಾಕಿ, ಬಾಗಿಲು ತೆಗೆದದ್ದು ಮುಚ್ಚಿದ್ದು ಅದಕ್ಕೆ ಬಿಸಿಲಲ್ಲೂ ಗೊತ್ತಾಗುತ್ತದೆ.

ಅಭ್ಯಾಸಕ್ಕೆ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ಕಾಸಾಸ್ ಡೇಟಾ (ಸೆನ್ಸರ್ ಹಾಕಿದ ಮನೆಗಳ ದಾಖಲೆ) ಉಚಿತ. ಅದರಲ್ಲಿ ಅರೂಬಾ ಅನ್ನುವ ಭಾಗ ತಗೊಳ್ಳಿ, ಅದೂ ಒಬ್ಬ ಮಹಿಳೆಯ ಮನೆ, ಮಕ್ಕಳು ಮೊಮ್ಮಕ್ಕಳು ಬಂದು ಹೋಗುತ್ತಿದ್ದರು.