ಡೈಲ್ಯೂಟ್ ಅಂದ್ರೆ ಮೋಸ ಅಂತಲ್ಲ

ಅಮೆರಿಕದಲ್ಲಿ ಟ್ರಕ್ ಓಡಿಸುವ ನಿಮ್ಮ ತಮ್ಮನ ಡ್ರಗ್ ಟೆಸ್ಟಲ್ಲಿ 'ನೆಗೆಟಿವ್, ಡೈಲ್ಯೂಟ್' (ಡ್ರಗ್ ಸಿಕ್ಕಿಲ್ಲ, ಆದ್ರೆ ಮೂತ್ರ ತೀರಾ ನೀರಾಗಿದೆ) ಅಂತ ಬಂದಿದೆ, ಮೋಸ ಅಂದುಕೊಳ್ತಾರಾ ಅಂತ ಕೇಳಿದ್ದೀರಿ. ಗಾಬರಿ ಬೇಡ. ಸುಮ್ನೆ ನೀರು ಜಾಸ್ತಿ ಕುಡಿದರೂ ಹಾಗೆ ಬರುತ್ತೆ. ಮೂತ್ರದಲ್ಲಿ ಕ್ರಿಯಾಟಿನಿನ್ ಅಂತ ಇರುತ್ತೆ, ಸ್ನಾಯುಗಳಿಂದ ದಿನಾ ಬರುವ ಕಸ ಅದು; ಡೆಸಿಲೀಟರಿಗೆ 20 ಮಿಲಿಗ್ರಾಂಗಿಂತ ಕಡಿಮೆಯಿದ್ದು ಸಾಂದ್ರತೆಯೂ ಇಳಿದಿದ್ದರೆ ಡೈಲ್ಯೂಟ್ ಅಂತಾರೆ. 2ಕ್ಕಿಂತ ಕೆಳಗಿದ್ದು ಸಾಂದ್ರತೆಯೂ ಹೊಂದದಿದ್ದರೆ ಮಾತ್ರ ಸ್ಯಾಂಪಲ್ಲೇ ಬದಲಾಗಿದೆ ಅಂತ ಲೆಕ್ಕ. ಕೊಟ್ಟ 4 ನಿಮಿಷದೊಳಗೆ ಡಬ್ಬಿಯ ಮೇಲಿನ ಬಿಸಿ ಅಳೆಯುವ ಪಟ್ಟಿ ನೋಡ್ತಾರಲ್ವಾ, ಅದು 32ರಿಂದ 38 ಡಿಗ್ರಿ ತೋರಿಸಬೇಕು. ಟಾಯ್ಲೆಟ್ ನೀರಿಗೆ ನೀಲಿ ಬಣ್ಣ ಹಾಕಿರುವುದೂ ಯಾರೂ ಬೆರೆಸದಿರಲಿ ಅಂತಲೇ. ಕ್ರಿಯಾಟಿನಿನ್ 5ರೊಳಗಿದ್ದರೆ ಕಣ್ಣೆದುರೇ ಮತ್ತೆ ಸ್ಯಾಂಪಲ್ ತಗೋತಾರೆ, ಮೇಲಿದ್ದರೆ ಇನ್ನೊಮ್ಮೆ ಮಾಡಿಸುವುದು ಕಂಪನಿಗೆ ಬಿಟ್ಟಿದ್ದು. ಕರೆದರೆ ಖಂಡಿತ ಹೋಗಲಿ, ತಪ್ಪಿಸಿಕೊಂಡರೆ ನಿರಾಕರಿಸಿದ ಹಾಗಾಗುತ್ತೆ. ಹೋಗುವ ಮುಂಚೆ ಚೊಂಬುಗಟ್ಟಲೆ ನೀರು ಮಾತ್ರ ಕುಡಿಯೋದು ಬೇಡ.