ವಾಕಿಂಗ್ ಹೋದ ದಿನವೇ ಬಿಪಿ ಜಾಸ್ತಿ

ಬಿಪಿ ಇರುವ ವಯಸ್ಸಾದ ಹೆಂಗಸರಿಗೆ ‘ದಿನಾ ವಾಕಿಂಗ್ ಮಾಡಿ’ ಎನ್ನುವುದು ಸುಲಭ. ತಾಲೂಕು ಆಸ್ಪತ್ರೆಯ ಎನ್‌ಸಿಡಿ (ಬಿಪಿ, ಶುಗರ್‌ನಂಥ ಅಂಟದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಆಪ್ತಸಮಾಲೋಚಕಿಯಾಗಿರುವ ನಾನು ದಿನವಿಡೀ ಹೇಳುವ ಮಾತೂ ಅದೇ. ಅವರು ತಲೆಯಾಡಿಸಿ ಹೋಗುತ್ತಾರೆ, ನಡೆಯುವುದಿಲ್ಲ. ಮನೆಯವರು ಸುಮ್ನೆ ಸೋಮಾರಿತನ ಅಂದುಬಿಡುತ್ತಾರೆ. ಬೆಳಗಾಗುವ ಮೊದಲೇ ಎದ್ದು ಬಾಗಿಲಿಗೆ ನೀರು ಹಾಕಿ, ರಂಗೋಲಿ ಬಿಟ್ಟು, ಮೊಮ್ಮಗನ ಡಬ್ಬಿ ಕಟ್ಟುವವರು ಸೋಮಾರಿಗಳಾ? ಈ ಮಾತು ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಹಾಗಾಗಿ ಈ ಪ್ರಕರಣ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಕ್ಲಿನಿಕ್ಕಿಗೆ ಬಂದ ಈ ಅಮ್ಮನಿಗೆ ಅರವತ್ತು ದಾಟಿದೆ. ಮಗ ಸೊಸೆಯ ಜೊತೆ ಇದ್ದಾರೆ. ಬಿಪಿ ಇಳಿಸುವ ಟೆಲ್ಮಿಸಾರ್ಟನ್ ಮತ್ತು ಮೂತ್ರ ಹೆಚ್ಚಿಸಿ ಬಿಪಿ ಇಳಿಸುವ ಹೈಡ್ರೋಕ್ಲೋರೋಥಯಾಜೈಡ್ ಸೇರಿರುವ ಮಾತ್ರೆ, ಬೆಳಿಗ್ಗೆ ಒಂದು. ಮಗನಿಗೆ ತಾಯಿ ಮೇಲೆ ಅಕ್ಕರೆ. ಬಿಪಿ ಮಿಷನ್ ಕೊಂಡು ತಂದಿದ್ದ, ನೋಟ್‌ಬುಕ್ಕಿನಲ್ಲಿ ದಿನಾ ಬರೆದಿಟ್ಟಿದ್ದ. ಅದನ್ನು ನನ್ನ ಮೇಜಿನ ಮೇಲಿಟ್ಟು, “ಮೇಡಂ, ನೀವು ವಾಕಿಂಗ್ ವಾಕಿಂಗ್ ಅಂತೀರಿ. ವಾಕಿಂಗ್ ಹೋದ ದಿನವೇ ಅಮ್ಮಂಗೆ ಬಿಪಿ ಜಾಸ್ತಿ. ನೀವೇ ನೋಡಿ” ಎಂದ.

ನೋಡಿದೆ. ನಿಜವೇ. ಮನೆಯಲ್ಲಿದ್ದ ದಿನ ಮೇಲಿನ ಅಂಕಿ 140ರ ಆಸುಪಾಸು. ಪಾರ್ಕಿಗೆ ಹೋದ ದಿನ 160ರ ಮೇಲೆ.

ಅರ್ಧ ಕಾರಣ ಕೇಳಿದ ಕೂಡಲೇ ಸಿಕ್ಕಿತು. ಅಮ್ಮ ಪಾರ್ಕಿನಿಂದ ಬಂದು ಮೆಟ್ಟಿಲು ಹತ್ತುತ್ತಿದ್ದಂತೆ ಇವನು ಕೈಗೆ ಪಟ್ಟಿ ಸುತ್ತುತ್ತಿದ್ದ. ನಡೆಯುವಾಗ ಯಾರಿಗಾದರೂ ಬಿಪಿ ಏರುತ್ತದೆ. ಆಮೇಲೆ ಇಳಿದು, ಕೆಲವು ಗಂಟೆ ಮೊದಲಿಗಿಂತ ಸ್ವಲ್ಪ ಕೆಳಗೇ ಇರುತ್ತದೆ. ಮೂತ್ರಕ್ಕೆ ಹೋಗಿ ಬಂದು, ಬೆನ್ನು ಒರಗಿಸಿ, ಪಾದ ನೆಲಕ್ಕೆ ಊರಿ, ಮಾತಾಡದೆ ಐದು ನಿಮಿಷ ಕೂತ ಮೇಲೆ ನೋಡಬೇಕು. ಕಾಫಿ ಕುಡಿದು ಅರ್ಧ ಗಂಟೆಯಾದರೂ ಆಗಿರಬೇಕು.

ಆದರೂ ಅನುಮಾನ ಹೋಗಲಿಲ್ಲ. ಮಾತ್ರೆ ತೋರಿಸಿ ಅಂದೆ. ತಿಂಗಳು ಮುಗಿಯುತ್ತಾ ಬಂದಿತ್ತು, ಕೊನೆಯ ಸ್ಟ್ರಿಪ್ ಮಾತ್ರ ಒಡೆದೇ ಇರಲಿಲ್ಲ. “ಓಪಿಡಿ ಚೀಟಿ ಮಾಡಿಸ್ಕೊಂಡು ಬಾರಪ್ಪ” ಎಂದು ಮಗನನ್ನು ಹೊರಗೆ ಕಳಿಸಿದೆ.

“ಅಮ್ಮಾ, ಇಷ್ಟೊಂದು ಉಳಿದಿದೆಯಲ್ಲ?”

“ಪಾರ್ಕಿಗೆ ಹೋಗೋ ದಿನ ತಗೊಳ್ಳಲ್ಲ.”

“ಯಾಕಮ್ಮ?”

ಬಾಗಿಲ ಕಡೆ ಒಂದು ಸಲ ನೋಡಿದರು. “ಅದು ತಗೊಂಡ್ರೆ ಗಳಿಗೆಗೊಂದು ಸಲ ಹೋಗ್ಬೇಕು ಅನ್ಸುತ್ತೆ. ಅಲ್ಲಿ ಎಲ್ಲಿಗೆ ಹೋಗ್ಲಿ? ಗಂಡಸರಾದ್ರೆ ಯಾವ್ದೋ ಗೋಡೆ ಪಕ್ಕ ನಿಂತ್ಕೊಳ್ತಾರೆ.” ಇನ್ನೂ ಸಣ್ಣ ದನಿಯಲ್ಲಿ, “ಜೋರಾಗಿ ನಡೆದ್ರೆ ಹನಿ ಬೀಳುತ್ತೆ. ಕೆಮ್ಮಿದ್ರೂ ಅಷ್ಟೆ. ಒಂದಿನ ಸೀರೆ ಒದ್ದೆ ಆಗೋಯ್ತು. ಅದಕ್ಕೇ ಹೋಗೋ ದಿನ ನೀರೂ ಕುಡಿಯಲ್ಲ” ಎಂದರು.

ಮಾತ್ರೆ ಇಲ್ಲ, ನೀರಿಲ್ಲ, ಅದರ ಮೇಲೆ ಬಿರುಸಾಗಿ ನಡಿಗೆ. ಪಾರ್ಕಿಗೆ ಮಹಿಳಾ ಶೌಚಾಲಯವಂತೂ ಇದೆ, ಅದಕ್ಕೆ ಬೀಗ ಹಾಕಿರುತ್ತಾರೆ. ಇದಕ್ಕೆ ಸೋಮಾರಿತನ ಅನ್ನಬೇಕಾ, ಏನನ್ನಬೇಕು?

ನಾನು ಮೊದಲು ಹೇಳಿದ್ದು, “ಬೇಕಾದ್ರೆ ನಾಳೆ ವಾಕಿಂಗ್ ಬಿಡಿ, ಮಾತ್ರೆ ಬಿಡಬೇಡಿ.” ವಾಕಿಂಗಿಗೆ ಒತ್ತಾಯಿಸಬೇಕಾದವಳೇ ಹೀಗೆ ಹೇಳಬಹುದಾ ಎಂದು ಆಮೇಲೆ ಸಹೋದ್ಯೋಗಿಯೊಬ್ಬರು ಕೇಳಿದರು. ಹೇಳಬಹುದು. ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ 2021ರ ಕಾಕ್ರೇನ್ ವಿಮರ್ಶೆಯ ಪ್ರಕಾರ ನಡಿಗೆಯಿಂದ ಮೇಲಿನ ಅಂಕಿ ಇಳಿಯುವುದು ಸರಾಸರಿ 4ರಷ್ಟು. ಅದೂ ವಾರಗಟ್ಟಲೆ ತಪ್ಪದೆ ನಡೆದರೆ. ಮಾತ್ರೆಯ ಜೊತೆಗೆ ಇದು ಒಳ್ಳೆಯ ಲಾಭವೇ, ಮಾತ್ರೆಯ ಬದಲಿಗೆ ಅಲ್ಲ. ‘ವಾಕಿಂಗ್ ಮಾಡಿ, ಮಾತ್ರೆ ಬಿಸಾಕಿ’ ಎಂಬ ವಾಟ್ಸಾಪ್ ಮೆಸೇಜು ನಮ್ಮ ಕ್ಲಿನಿಕ್ಕಿಗೆ ತಂದಿಟ್ಟ ತಾಪತ್ರಯ ಒಂದೆರಡಲ್ಲ.

ಎರಡನೆಯದು, ಪಾರ್ಕು ಬೇಡ. ಮನೆ ಎದುರಿನ ಬೀದಿಯಲ್ಲೇ ಹತ್ತು ನಿಮಿಷ, ದಿನಕ್ಕೆ ಮೂರು ಸಲ. ಬಾತ್‌ರೂಮ್ ಹತ್ತಿರದಲ್ಲೇ ಇರುತ್ತದೆ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು ಸಾಕು. ಎದೆ ನೋವು, ತಲೆಸುತ್ತು ಬಂದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಬರಬೇಕು. ಮಗನಿಗೆ ಇದು ಒಪ್ಪಿಗೆಯಾಗಲಿಲ್ಲ. “ಒಂದೇ ಸಮನೆ ಅರ್ಧ ಗಂಟೆ ನಡೆಯಬೇಕು ಅಂತಾರಲ್ಲ ಮೇಡಂ?” ಹಿಂದೆ ಒಂದು ಸಲಕ್ಕೆ ಕನಿಷ್ಠ 10 ನಿಮಿಷವಾದರೂ ಇರಬೇಕು ಎನ್ನುತ್ತಿದ್ದ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಆ ಷರತ್ತನ್ನೂ ಕೈಬಿಟ್ಟಿದೆ. ವಾರಕ್ಕೆ 150 ನಿಮಿಷ ಹೇಗೆ ಕೂಡಿದರೂ ಸರಿ. ಇಷ್ಟನ್ನು ಅವನಿಗೆ ಹೇಳಿದೆ. ಉಳಿದದ್ದನ್ನು ಹೇಳಲಿಲ್ಲ. ಅದು ಅಮ್ಮನ ವಿಷಯ, ಹೇಳಬೇಕು ಅನ್ನಿಸಿದರೆ ಅವರೇ ಹೇಳಲಿ.

ನೀರು ಕುಡಿಯದಿರುವುದು ನನಗೆ ಹೆಚ್ಚು ಹೆದರಿಕೆ ತಂದ ವಿಷಯ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವ ವಯಸ್ಸಾದವರು ನೀರು ಬಿಟ್ಟರೆ ತಲೆಸುತ್ತಿ ಬೀಳುವ ಅಪಾಯವಿದೆ. ಇಂಥವರಲ್ಲಿ ರಕ್ತದ ಸೋಡಿಯಂ ಇಳಿಯುವುದೂ ಉಂಟು. ಮಂಕಾದರೆ, ಮಾತು ತಡವರಿಸಿದರೆ ‘ವಯಸ್ಸಾಯ್ತು’ ಎಂದು ಬಿಡದೆ ಕೂಡಲೇ ತೋರಿಸಬೇಕು.

ಮುಂದಿನ ತಿಂಗಳ ನೋಟ್‌ಬುಕ್ಕಿನಲ್ಲಿ ಏರಿಳಿತ ಕಡಿಮೆಯಾಗಿತ್ತು. ನಡಿಗೆಯಿಂದಲೇ ಆಯಿತು ಎಂದು ಮಗನಿಗೆ ಈಗ ಖುಷಿ. ನನ್ನ ಲೆಕ್ಕದಲ್ಲಿ ದೊಡ್ಡ ಪಾಲು ಮಾತ್ರೆಯದೇ.

ಹನಿ ಬೀಳುವ ತೊಂದರೆ ಹೆರಿಗೆಯಾದವರಲ್ಲಿ, ಮುಟ್ಟು ನಿಂತವರಲ್ಲಿ ಬಹಳ ಸಾಮಾನ್ಯ. ಅದಕ್ಕೆ ವ್ಯಾಯಾಮವೂ ಇದೆ. ಮೂತ್ರ ತಡೆಯುವಾಗ ಬಿಗಿ ಹಿಡಿಯುತ್ತೇವಲ್ಲ, ಆ ಸ್ನಾಯುವನ್ನು ಕೆಲವು ಸೆಕೆಂಡು ಬಿಗಿ ಹಿಡಿದು ಬಿಡುವುದು. ಒಂದು ಸಲಕ್ಕೆ 8ರಿಂದ 10 ಬಾರಿ, ದಿನಕ್ಕೆ ಮೂರು ಸಲ, ಮೂರು ತಿಂಗಳಾದರೂ. ಮೂತ್ರ ಮಾಡುತ್ತಿರುವಾಗ ಮಾತ್ರ ಈ ಅಭ್ಯಾಸ ಬೇಡ. ಆದರೆ ಮೊದಲು ಡಾಕ್ಟರಿಗೆ ತೋರಿಸಿ. ಸೋಂಕಿರಬಹುದು, ಸಕ್ಕರೆ ಕಾಯಿಲೆ ಇರಬಹುದು. ಬಾಯಿಬಿಟ್ಟು ಹೇಳಲು ನಾಚಿಕೆಯಾದರೆ ಬರೆದು ಕೊಡಿ. ಅವತ್ತು ಈ ಅಮ್ಮನೂ ಡಾಕ್ಟರ ಮುಂದೆ ಬಾಯಿಬಿಡಲಿಲ್ಲ. ಮಗ ತಂದ ಚೀಟಿಯ ಹಿಂದೆ, ಅವರನ್ನು ಕೇಳಿಕೊಂಡು, ನಾನೇ ಎರಡು ಸಾಲು ಬರೆದೆ. ಡಾಕ್ಟರು ಓದಿದರು, ಮೂತ್ರ ಪರೀಕ್ಷೆ ಮತ್ತು ಶುಗರ್ ಬರೆದರು. “ಬೆಳಿಗ್ಗೆ ನಡೆದು ಬಂದು ತಿಂಡಿ ಜೊತೆ ಮಾತ್ರೆ ತಗೊಳ್ಳಿ” ಎಂದು ಮುಂದಿನವರನ್ನು ಕರೆದರು.