ತನಿಖೆ ಮುಗಿದರೂ ಪಟ್ಟಿಯಲ್ಲೇ ಉಳಿದ ಹೆಸರು

ಪ್ರಶ್ನೆ: ನಾನು ಹುಬ್ಬಳ್ಳಿಯ ಬ್ಯಾಂಕೊಂದರ ಗುಮಾಸ್ತ. ಹೊಸ ಖಾತೆ ತೆರೆಯುವವರ ಹೆಸರನ್ನು ವಿಶ್ವಸಂಸ್ಥೆಯ ನಿರ್ಬಂಧ ಪಟ್ಟಿಯೊಂದಿಗೆ ತಾಳೆ ನೋಡುವುದು ನನ್ನ ಕೆಲಸ. ತರಬೇತಿಯಲ್ಲಿ ಬಹಾಮಾಸ್‌ನ ಅಲ್ ತಕ್ವಾ ಬ್ಯಾಂಕಿನ ಉದಾಹರಣೆ ಕೊಟ್ಟರು. ಸ್ವಿಟ್ಜರ್ಲೆಂಡ್ ತನಿಖೆ ಕೈಬಿಟ್ಟ ಮೇಲೂ ಅದರ ಮುಖ್ಯಸ್ಥರ ಹೆಸರು ವರ್ಷಗಟ್ಟಲೆ ಪಟ್ಟಿಯಲ್ಲಿತ್ತಂತೆ. ಹಾಗಾದರೆ ಅವರು ತಪ್ಪಿತಸ್ಥರೋ, ಅಲ್ಲವೋ?

ಉತ್ತರ: ಸ್ವಿಟ್ಜರ್ಲೆಂಡಿನ ಯಾವ ನ್ಯಾಯಾಲಯವೂ ಅವರನ್ನು ತಪ್ಪಿತಸ್ಥರೆಂದು ಘೋಷಿಸಲಿಲ್ಲ. ಪಟ್ಟಿಗೆ ಸೇರಿಸಲು ಅಂಥ ತೀರ್ಪು ಬೇಕಾಗಿಯೂ ಇರಲಿಲ್ಲ. ನಿಮ್ಮ ಗೊಂದಲದ ಮೂಲ ಇರುವುದು ಇಲ್ಲೇ.

ಅಲ್ ತಕ್ವಾ 1988ರಲ್ಲಿ ಹುಟ್ಟಿದ, ಬಡ್ಡಿರಹಿತ ಇಸ್ಲಾಮಿಕ್ ಪದ್ಧತಿಯ ಬ್ಯಾಂಕು. ನೋಂದಣಿ ಬಹಾಮಾಸ್‌ನಲ್ಲಿ, ಆಡಳಿತ ನೋಡಿಕೊಳ್ಳುವ ಕಂಪನಿ ಸ್ವಿಟ್ಜರ್ಲೆಂಡಿನ ಲುಗಾನೊದಲ್ಲಿ. ಮುಖ್ಯಸ್ಥ ಯೂಸೆಫ್ ನಾದಾ ಈಜಿಪ್ಟ್ ಮೂಲದ ಇಟಲಿ ಪ್ರಜೆ. ತಾವು ಈಜಿಪ್ಟಿನಲ್ಲಿ ಹುಟ್ಟಿದ ಇಸ್ಲಾಮಿಕ್ ರಾಜಕೀಯ ಸಂಘಟನೆ ಮುಸ್ಲಿಂ ಬ್ರದರ್‌ಹುಡ್‌ನವರೆಂದು ಬಹಿರಂಗವಾಗಿಯೇ ಹೇಳಿಕೊಂಡವರು. ಅವಳಿ ಗೋಪುರಗಳು ಉರುಳಿದ ಎರಡು ತಿಂಗಳೊಳಗೆ, 2001ರ ನವೆಂಬರ್ 7ರಂದು, ಅಮೆರಿಕ ಈ ಜಾಲದ ಆಸ್ತಿಯನ್ನು ಸ್ತಂಭನಗೊಳಿಸಿತು. ಎರಡು ದಿನ ಕಳೆಯುವಷ್ಟರಲ್ಲಿ ನಾದಾ ಹೆಸರು ವಿಶ್ವಸಂಸ್ಥೆಯ ಪಟ್ಟಿಗೂ ಏರಿತು. ಲಿಕ್ಟನ್‌ಸ್ಟೈನ್‌ನ ಅಸಾತ್ ಟ್ರಸ್ಟ್ ಎಂಬ ಕಂಪನಿಯನ್ನೂ ಇದೇ ನಂಟಿನ ಆರೋಪದ ಮೇಲೆ ಅಮೆರಿಕ ಪಟ್ಟಿಗೆ ಸೇರಿಸಿತು. ಹಮಾಸ್‌ನ ಹಣ ಇಲ್ಲಿ ಹರಿದಿದೆ, ಬಿನ್ ಲಾಡೆನ್‌ನ ಆಪ್ತನೊಬ್ಬನಿಗೆ ಗುಟ್ಟಾಗಿ ಸಾಲದ ಸವಲತ್ತು ಸಿಕ್ಕಿದೆ, ಬಹಾಮಾಸ್‌ನ ಬ್ಯಾಂಕು ಬರೀ ಕಾಗದದ ಮೇಲಿದೆ ಎಂಬುದು ಅಮೆರಿಕದ ಖಜಾನೆ ಇಲಾಖೆಯ ವಾದ. ನಾದಾ ಭಯೋತ್ಪಾದನೆಯ ನಂಟನ್ನು ಸಾರಾಸಗಟಾಗಿ ಅಲ್ಲಗಳೆದರು.

ಗೋಪ್ಯತೆ ಕಡಲಾಚೆಯ ಇಂಥ ವ್ಯವಹಾರಗಳ ಬಂಡವಾಳ. ಅನುಮಾನ ಬಂದ ದಿನ ಅದೇ ಉರುಳಾಗುತ್ತದೆ: ಆರೋಪ ಮಾಡುವವನಿಗೂ ಕಡತ ಸಿಗುವುದಿಲ್ಲ, ಆರೋಪ ಹೊತ್ತವನು ತೆರೆದು ತೋರಿಸಿದರೂ ಜನ ನಂಬುವುದಿಲ್ಲ.

ಸ್ವಿಟ್ಜರ್ಲೆಂಡಿನ ಫೆಡರಲ್ ಪ್ರಾಸಿಕ್ಯೂಟರ್ ಮೂರೂವರೆ ವರ್ಷ ಕೆದಕಿ, ಆರೋಪಕ್ಕೆ ಆಧಾರ ಸಾಲದೆಂದು 2005ರ ಮೇ 31ರಂದು ತನಿಖೆ ನಿಲ್ಲಿಸಿದರು. ಸಾಮಾನ್ಯ ಪ್ರಕರಣವಾಗಿದ್ದರೆ ಆರೋಪಿ ಅಂದೇ ಮನೆಯಿಂದ ಹೊರಗೆ ಕಾಲಿಡುತ್ತಿದ್ದ. ನಾದಾ ಕಾಲಿಡುವಂತಿರಲಿಲ್ಲ. ಅವರ ಮನೆ ಇದ್ದದ್ದು ಕಂಪಿಯೋನೆಯಲ್ಲಿ. ಅದು ಇಟಲಿಯದೇ ನೆಲ, ಆದರೆ ಸುತ್ತಲೂ ಸ್ವಿಸ್ ಪ್ರಾಂತ್ಯ. ವಿಸ್ತೀರ್ಣ ಸುಮಾರು 1.6 ಚದರ ಕಿಲೋಮೀಟರ್. ಪಟ್ಟಿಯಲ್ಲಿರುವವರು ಸ್ವಿಸ್ ಗಡಿ ದಾಟುವಂತಿಲ್ಲವಾದ್ದರಿಂದ ಇಳಿವಯಸ್ಸಿನ ಮನುಷ್ಯ ಕನಿಷ್ಠ ಆರು ವರ್ಷ ಆ ಊರಿನೊಳಗೇ ಉಳಿಯಬೇಕಾಯಿತು. ವೈದ್ಯರನ್ನು ಕಾಣಲು ಹೋಗಬೇಕಿದ್ದರೂ ಅನುಮತಿ ಬೇಕು. ವಿಶ್ವಸಂಸ್ಥೆಯ ತೀರ್ಮಾನಕ್ಕೆ ತಮ್ಮ ಕೈ ಕಟ್ಟಿದೆ ಎಂದು 2007ರಲ್ಲಿ ಸ್ವಿಸ್ ಸರ್ವೋಚ್ಚ ನ್ಯಾಯಾಲಯವೂ ಅವರ ಅರ್ಜಿಯನ್ನು ತಳ್ಳಿಹಾಕಿತು.

ಇಡೀ ಕಥೆಯಲ್ಲಿ ನನಗೆ ಸಿಟ್ಟು ಬರಿಸುವುದು ಒಂದು ಪತ್ರ. ತನಿಖೆಯಲ್ಲಿ ಏನೂ ಸಿಗಲಿಲ್ಲ ಎಂಬ ಸಂಗತಿಯನ್ನು ಸ್ವಿಟ್ಜರ್ಲೆಂಡ್, ಈ ಪಟ್ಟಿಯನ್ನು ನೋಡಿಕೊಳ್ಳುವ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಸಮಿತಿಗೆ ತಿಳಿಸಿದ್ದು 2009ರ ಸೆಪ್ಟೆಂಬರ್ 2ರಂದು. ನಾಲ್ಕು ವರ್ಷದ ಮೇಲಾಗಿತ್ತು! ಅದೇ ತಿಂಗಳ 23ರಂದು ಅವರ ಹೆಸರನ್ನು ತೆಗೆಯಲಾಯಿತು. 2012ರಲ್ಲಿ ಸ್ಟ್ರಾಸ್‌ಬರ್ಗ್‌ನ ಯುರೋಪಿಯನ್ ಮಾನವ ಹಕ್ಕು ನ್ಯಾಯಾಲಯ ಈ ವಿಳಂಬಕ್ಕೆ ಅಚ್ಚರಿ ವ್ಯಕ್ತಪಡಿಸಿ, ಅವರ ಖಾಸಗಿ ಮತ್ತು ಕೌಟುಂಬಿಕ ಬದುಕಿನ ಹಕ್ಕಿಗೆ ಧಕ್ಕೆಯಾಗಿದೆ, ದೂರು ಹೇಳಿಕೊಳ್ಳಲು ಪರಿಣಾಮಕಾರಿ ದಾರಿಯೇ ಇರಲಿಲ್ಲ ಎಂದಿತು. ಹಣ ಎಲ್ಲಿಗೆ ಹೋಯಿತು ಎಂಬುದು ಅದರ ಮುಂದಿದ್ದ ಪ್ರಶ್ನೆಯಾಗಿರಲಿಲ್ಲ. ಅದನ್ನು ‘ನಿರ್ದೋಷಿ’ ಎಂಬ ತೀರ್ಪೆಂದು ಹೇಳುವವರು, ‘ಬೆಂಕಿಯಿಲ್ಲದೆ ಹೊಗೆಯಾಡದು’ ಎನ್ನುವವರು, ಇಬ್ಬರೂ ಅದರಲ್ಲಿ ಇಲ್ಲದ್ದನ್ನು ಓದುತ್ತಿದ್ದಾರೆ.

ಪಟ್ಟಿಯ ಉದ್ದೇಶ ಹಣದ ಹರಿವನ್ನು ತಡೆಯುವುದು. ಹಣ ಕ್ಷಣದಲ್ಲಿ ಕೈಬದಲಾಗುವುದರಿಂದ ಮೊದಲು ತಡೆ, ಆಮೇಲೆ ವಿಚಾರಣೆ ಎಂಬ ತರ್ಕವನ್ನು ನಾನು ಒಪ್ಪುತ್ತೇನೆ. ಆಗ ಆ ‘ಆಮೇಲೆ’ಯೇ ಇರಲಿಲ್ಲ. ಅಲ್ ಖೈದಾ ಪಟ್ಟಿಯಲ್ಲಿರುವವರ ಅಹವಾಲು ಕೇಳಲು ಓಂಬುಡ್ಸ್‌ಮನ್ ಕಚೇರಿ ಹುಟ್ಟಿದ್ದು 2009ರ ಡಿಸೆಂಬರ್‌ನ ನಿರ್ಣಯದಿಂದ, ನಾದಾ ಹೆಸರು ಹೋದ ಮೇಲೆ.

ಇನ್ನು ನಿಮ್ಮ ಮೇಜಿನ ವಿಷಯ. ನಮ್ಮಲ್ಲಿ ಈ ಪಟ್ಟಿಗೆ ಬಲ ಬರುವುದು ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ (ಯುಎಪಿಎ) 51ಎ ಕಲಮಿನಿಂದ. ಹೆಸರು ಹೊಂದಿತು ಎಂದ ಮಾತ್ರಕ್ಕೆ ಎದುರಿಗಿರುವವನು ಅದೇ ವ್ಯಕ್ತಿ ಎಂದು ತಿಳಿಯಬೇಡಿ. ಒಂದೇ ಹೆಸರಿನವರು ನಮ್ಮೂರುಗಳಲ್ಲಿ ಎಷ್ಟು ಮಂದಿ ಎಂದು ನಿಮಗೇ ಗೊತ್ತು. ಜನ್ಮದಿನಾಂಕ, ಪಾಸ್‌ಪೋರ್ಟ್ ಸಂಖ್ಯೆ, ಪೌರತ್ವವನ್ನು ತಾಳೆ ನೋಡಿ, ನಿಮ್ಮ ಬ್ಯಾಂಕಿನ ಪ್ರಧಾನ ಅಧಿಕಾರಿಗೆ ವರದಿ ಮಾಡಿ. ಪಟ್ಟಿಯನ್ನು ಕೊನೆಯ ಬಾರಿ ಇಳಿಸಿಕೊಂಡದ್ದು ಯಾವಾಗ ಎಂದೂ ನೋಡಿ. ಹೆಸರುಗಳು ಸೇರುವಂತೆ ಹೋಗುವುದೂ ಉಂಟು.